ಮೊರದಗಲ ಬಾನು

ನನ್ನ ಮಗಳ ಮದುವೆಯ ದಿನ ಆದದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಊರಿನವರು ಅದನ್ನು ಬಾಯಿಗೊಂದು ಥರ ಹೇಳಿಕೊಂಡು ತಿರುಗುತ್ತಾರೆ. ಈ ದ್ಯಾಮಕ್ಕನ ಸೊಕ್ಕು ಮುರಿಯಿತು ಅನ್ನುವವರಿದ್ದಾರೆ, ಹುಡುಗಿಗೆ ಗಾಳಿ ಸೋಕಿತ್ತು ಅನ್ನುವವರೂ ಇದ್ದಾರೆ. ಯಾರು ಏನೇ ಹೇಳಲಿ, ಆ ಮೂಲೆಯನ್ನು ಕಟ್ಟಿದವಳು ನಾನು, ಒಡೆದವಳೂ ನಾನು. ಹಾಗಾಗಿ ನಾನೇ ಹೇಳುವುದು ವಾಸಿ.

ನಮ್ಮೂರಲ್ಲಿ ಸೂರಿನ ಕೆಳಗೆ ಮನುಷ್ಯರ ದನಿ ಹೊರಡುವುದಿಲ್ಲ. ಪಾತ್ರೆ ಬಿದ್ದರೆ ಸದ್ದಾಗುತ್ತದೆ, ಬೆಕ್ಕು ಕೂಗಿದರೆ ಕೇಳುತ್ತದೆ, ಒಲೆಯಲ್ಲಿ ಸೌದೆ ಚಟಪಟ ಅನ್ನುತ್ತದೆ. ಮನುಷ್ಯ ಬಾಯಿ ಬಿಟ್ಟರೆ ಮಾತ್ರ ಬರೀ ಉಸಿರು. ಹಂಚಾಗಲಿ, ಹುಲ್ಲಾಗಲಿ, ಹಲಗೆಯಾಗಲಿ, ತಲೆಯ ಮೇಲೆ ಮುಚ್ಚಿಗೆ ಬಿತ್ತೆಂದರೆ ಮುಗಿಯಿತು. ಸೂರಿನ ಕೆಳಗೆ ಕೈ, ಬಾನಿನ ಕೆಳಗೆ ಬಾಯಿ ಎಂದು ನಮ್ಮಲ್ಲಿ ಗಾದೆಯೇ ಇದೆ. ಮನೆಯೊಳಗೆಲ್ಲ ಕೈಸನ್ನೆಯಲ್ಲೇ ಸಂಸಾರ. ಒಳಗೆ ಸುಮ್ಮನೆ ತುಟಿ ಅಲ್ಲಾಡಿಸುವುದು ಅಸಹ್ಯ, ನಾಲ್ಕು ಜನರ ಮುಂದೆ ಹಲ್ಲಿನಲ್ಲಿ ಕಡ್ಡಿಯಾಡಿಸಿದ ಹಾಗೆ. ಕೂಸಿನ ಅಳು ಒಳಗೆ ಕೇಳಿಸುವುದಿಲ್ಲವಾದ್ದರಿಂದ ಅದರ ಕಾಲಿಗೆ ಗೆಜ್ಜೆ ಕಟ್ಟುತ್ತೇವೆ. ಗಂಡಹೆಂಡಿರು ಜಗಳವಾಡಬೇಕೆಂದರೆ ಕಂಬಳಿ ಹೊದ್ದು ಅಂಗಳಕ್ಕೆ ಬರಬೇಕು. ಕಂಬಳಿ ಹುಡುಕುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು, ಆದರೆ ನಮ್ಮದು ಚಳಿಯ ಊರು. ಬೇಸಿಗೆ ಅನ್ನುವುದು ನೆಂಟರ ಹಾಗೆ ಬಂದು ಹೋಗುತ್ತದೆ, ಆಮೇಲೆ ಎಲ್ಲ ಹಿಮವೇ. ಬಡಗಣ ಗಾಳಿ ಬೀಸಿತೆಂದರೆ ಕಿವಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಬಯಲಲ್ಲಿ ನಿಂತು ಮಾತಾಡುತ್ತೇನೆಂದರೆ ಎರಡನೆಯ ಮಾತಿಗೇ ಹಲ್ಲು ಕಟಕಟ ಅನ್ನುತ್ತದೆ. ಅದಕ್ಕೇ ನನ್ನಂಥವರ ಹೊಟ್ಟೆ ತುಂಬುತ್ತಿರುವುದು. ನಾನು ಬಿಸಿಲುಮೂಲೆ ಕಟ್ಟುವವಳು. ಬಿಸಿಲುಮೂಲೆ ಅಂದರೆ ಸೂರಿಲ್ಲದೆಯೂ ಬೆಚ್ಚಗಿರುವ ಜಾಗ, ನಾಲ್ಕು ಜನ ಕೂತು ನಾಲ್ಕು ಮಾತಾಡುವ ಜಾಗ.

ಅದೇನು ಮಹಾ ಕೆಲಸ, ಗಾಳಿಗೆ ಅಡ್ಡ ಒಂದು ಗೋಡೆ ಎಬ್ಬಿಸಿದರಾಯಿತು ಅಂದುಕೊಳ್ಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಬರೀ ಗೋಡೆ ಕಟ್ಟಿದರೆ ಗಾಳಿ ಅದನ್ನು ಹತ್ತಿ, ಆಚೆ ಕೂತವರ ನೆತ್ತಿಯ ಮೇಲೇ ಧುಮುಕುತ್ತದೆ. ಮೊದಲು ಬಡಗಣ ದಿಕ್ಕಿಗೆ ಸೂಜಿಮರದ ಸಾಲು ನೆಡಬೇಕು, ಚಳಿಗಾಲದಲ್ಲೂ ಎಲೆ ಉದುರಿಸದ ಮರ ಅದು. ಸಾಲಿನಲ್ಲಿ ಸಂದು ಇರಬೇಕು, ಗಾಳಿ ಅದರೊಳಗೆ ನುಸುಳಿ ನುಸುಳಿ ಸುಸ್ತಾಗಬೇಕು. ಅದರ ಈಚೆಗೆ ಕಪ್ಪು ಕಲ್ಲಿನ ಗೋಡೆ, ಕುಡುಗೋಲಿನ ಹಾಗೆ ಬಾಗಿ ತೆಂಕಣಕ್ಕೆ ಮುಖ ಮಾಡಿರಬೇಕು. ಬೆಳಗಿನಿಂದ ಕುಡಿದ ಬಿಸಿಲನ್ನು ಆ ಕಲ್ಲು ಮಧ್ಯಾಹ್ನ ಬೆನ್ನಿಗೆ ಕೊಡುತ್ತದೆ. ಕೂರುವ ಕಟ್ಟೆಯ ಮೇಲೆ ಮರದ ಹಲಗೆ, ಮುಂದೆ ನೆಲಕ್ಕೆ ಬಿಳಿ ಬೆಣಚುಕಲ್ಲು, ಅದರಿಂದ ಬೆಳಕು ಚಿಮ್ಮಿ ಮುಖಕ್ಕೆ ಬರುತ್ತದೆ. ತೆಂಕಣದಲ್ಲಿ ಮರ ಬೇಕೇಬೇಕು ಅಂದರೆ ಎಲೆ ಉದುರಿಸುವ ಜಾತಿಯದು, ಅದೂ ದೂರಕ್ಕೆ. ಚಳಿಗಾಲದ ಸೂರ್ಯ ತಗ್ಗಿನಲ್ಲೇ ಓಡಾಡುವುದರಿಂದ ಕೋಳಿಗೂಡಿನ ನೆರಳು ಕೂಡ ಕೂತವರ ತೊಡೆಯವರೆಗೆ ಬಂದುಬಿಡುತ್ತದೆ.

ಇಷ್ಟರ ಮೇಲೆ ಎರಡು ಕಟ್ಟಳೆ. ಸೂಜಿಮರಕ್ಕೂ ಗೋಡೆಗೂ ನಡುವೆ ಮರದ ಎತ್ತರದಷ್ಟು ಜಾಗ ಬಿಡಬೇಕು. ತಲೆಯ ಮೇಲೆ ಕಡ್ಡಿ ಹೆಣೆದು ಚಾಚು ಕೊಟ್ಟರೂ ಮೊರದಗಲ ಬಾನನ್ನು ಮುಚ್ಚದೆ ಬಿಡಬೇಕು. ಚಾಚಿಗೆ ಒಂದೊಂದು ಕಡ್ಡಿ ಸೇರಿಸಿದಾಗಲೂ ಕೆಳಗೆ ಕೂತು ಉಪ್ಪು ಅನ್ನಬೇಕು. ದನಿ ಬಂದರೆ ಮುಂದಿನ ಕಡ್ಡಿ. ನನ್ನ ಅತ್ತೆ ಕಲಿಸಿಕೊಟ್ಟ ವಿದ್ಯೆ ಇದು, ಗಂಡ ಹೋದ ಮೇಲೆ ಇದೇ ನನ್ನನ್ನೂ ಮಗಳನ್ನೂ ಸಾಕಿದ್ದು.

ಮಗಳು ತುಂಗಿ. ಅವಳದು ಊರಿಗೆ ಕೂಗು ಹಾಕುವ ಕೆಲಸ. ಬೆಳಗಾಗುತ್ತಲೇ ದಿಬ್ಬ ಹತ್ತಿ ನಿಂತು, ಇವತ್ತು ಗಾಳಿ ಯಾವ ಕಡೆಯದು, ಯಾವ ಮೂಲೆಗೆ ಯಾವಾಗ ಬಿಸಿಲು, ಯಾರ ಮನೆಯಲ್ಲಿ ಸಾವು, ಯಾರ ಮನೆಯಲ್ಲಿ ಹೆರಿಗೆ ಎಂದು ಕೂಗುವುದು. ಅವಳ ದನಿ ಕೇಳಿದ ಮೇಲೇ ಜನ ಕಂಬಳಿ ಹುಡುಕುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೀರೇನೋ, ಅನ್ನಿ. ಆ ದನಿ ದಿಬ್ಬ ಇಳಿದು ಬರುವಾಗ ಹಿಮದ ಮೇಲೆ ಸಣ್ಣಗೆ ಬಿಸಿನೀರು ಚೆಲ್ಲಿದ ಹಾಗೆ ಇರುತ್ತಿತ್ತು. ಮಾತಂತೂ ಮಳೆ. ದಾರಿಯಲ್ಲಿ ನಾಯಿ ಸಿಕ್ಕಿದರೂ ನಿಂತು ಯೋಗಕ್ಷೇಮ ವಿಚಾರಿಸುವ ಹುಡುಗಿ.

ಅಂಥವಳಿಗೆ ಗಾಜಿನಂಗಳದ ಮನೆಯಿಂದ ಸಂಬಂಧ ಬಂತು. ಊರಿನಲ್ಲಿ ಆ ಮನೆಗಿಂತ ಬೆಚ್ಚಗಿನ ಮನೆ ಇಲ್ಲ. ಯಜಮಾನ ಬೊಮ್ಮಯ್ಯ, ಮಗ ಪದುಮಣ್ಣ ಇನ್ನೂ ತೊಟ್ಟಿಲಲ್ಲಿದ್ದಾಗ, ಅಂಗಳಕ್ಕೆಲ್ಲ ಗಾಜಿನ ಸೂರು ಹೊದಿಸಿದ್ದ. ಹೊರಗೆ ಹಿಮ ಸುರಿಯುತ್ತಿದ್ದರೆ ಅವರ ಅಂಗಳದಲ್ಲಿ ನಿಂಬೆಗಿಡ ಕಾಯಿ ಬಿಟ್ಟಿರುತ್ತಿತ್ತು. ಆಳುಕಾಳು ಹೊರಗಿನ ಕೆಲಸ ನೋಡಿಕೊಳ್ಳುತ್ತಿದ್ದರು, ಮನೆಯವರು ಹೊರಗೆ ಕಾಲಿಡುವ ಪ್ರಸಂಗವೇ ಇರಲಿಲ್ಲ. ಬೊಮ್ಮಯ್ಯನ ಹೆಂಡತಿ ಚಂಪಕ್ಕನನ್ನು ನಾವು ಕಂಡದ್ದೇ ಅಪರೂಪ. ಕಂಡಾಗಲೂ ಆಕೆ ಬಯಲಲ್ಲಿ ನಿಂತೇ ಕೈಸನ್ನೆ ಮಾಡುತ್ತಿದ್ದಳು. ದೊಡ್ಡ ಮನೆಯ ಗತ್ತು ಎಂದು ನಾವು ಹೆಂಗಸರು ಮೂಗು ಮುರಿಯುತ್ತಿದ್ದೆವು.

ನನಗೆ ಆ ಸಂಬಂಧ ಬಂದಾಗ ಹಾಲು ಕುಡಿದಷ್ಟು ಸಂತೋಷವಾಯಿತು. ಜನ್ಮವೆಲ್ಲ ಪರರ ಬೆನ್ನು ಬೆಚ್ಚಗಿಡಲು ಕಲ್ಲು ಹೊತ್ತು ನನ್ನ ಬೆರಳು ಸೆಟೆದುಹೋಗಿವೆ. ಮಗಳ ಬೆರಳಾದರೂ ನೆಟ್ಟಗಿರಲಿ ಅನ್ನುವುದು ತಪ್ಪೇ? ಆ ಮನೆ ನೋಡಿಕೊಂಡು ಬಂದ ಸಂಜೆ ತುಂಗಿ ಅಂಗಳದಲ್ಲೇ ನಿಂತು, ಆ ಮನೆಗೆ ಬಾನೇ ಇಲ್ಲವಲ್ಲವ್ವ ಅಂದಳು. ಗಾಜಿನಲ್ಲಿ ಕಾಣುತ್ತದಲ್ಲೇ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಆಮೇಲೆ ನನಗೆ ಪುರುಸೊತ್ತೆಲ್ಲಿತ್ತು. ಬೊಮ್ಮಯ್ಯ ಆಳಿನ ಮೂಲಕ ಹೇಳಿ ಕಳಿಸಿದ್ದ: ನಮ್ಮವಳಿಗೆ ಚಳಿ ತಡೆಯಲಾಗುವುದಿಲ್ಲ, ಮದುವೆಯ ಮೂಲೆ ನಮ್ಮ ಅಂಗಳದಷ್ಟು ಬೆಚ್ಚಗಿರಲಿ, ನಿಮ್ಮ ಕೈಲಿ ಆಗದಿದ್ದರೆ ಬೇಸಿಗೆಗೆ ಮುಂದೂಡೋಣ. ನನ್ನ ಕೈಲಿ ಆಗದಿದ್ದರೆ ಅಂತೆ. ಆ ಮಾತು ನನ್ನ ಮೈಗೆಲ್ಲ ಮೆಣಸಿನಪುಡಿ ಸವರಿತು. ಹಿತ್ತಲಲ್ಲಿ ಅತ್ತೆಯ ಕಾಲದ ಎತ್ತರದ ಸೂಜಿಮರಗಳಿದ್ದವು. ಗೋಡೆಯನ್ನು ದೂರ ಕಟ್ಟದೆ ಅವುಗಳ ಬುಡಕ್ಕೇ ತಂದೆ, ಗಾಳಿಯ ಸುಳಿವೇ ಬರದಿರಲೆಂದು. ಎರಡೂ ಮಗ್ಗುಲಿಗೆ ಬೇಲಿಗಿಡ ಒತ್ತಾಗಿ ನೆಟ್ಟು ಒಳಬರುವ ದಾರಿಯನ್ನು ಕಿರಿದು ಮಾಡಿದೆ. ಗೋಡೆಯ ನೆತ್ತಿಯಿಂದ ಮುಂದಕ್ಕೆ ಹಸಿ ಕಡ್ಡಿಗಳನ್ನು ಬಾಗಿಸಿ ಹೆಣೆಯುತ್ತ ಹೋದೆ. ಒಂದೊಂದಕ್ಕೂ ಉಪ್ಪು ಅಂದು ನೋಡಿದೆ. ಕೊನೆಕೊನೆಗೆ ನನ್ನ ದನಿ ಪಕ್ಕದ ಮನೆಯಿಂದ ಬಂದಂತೆ ಸಣ್ಣಗಾಯಿತು. ಬಂತಲ್ಲ, ಸಾಕು ಅಂದುಕೊಂಡೆ. ಮೊರವನ್ನು ಮೇಲೆತ್ತಿ ಹಿಡಿದು ಅಳೆದೆ, ಬಾನು ಸರಿಯಾಗಿ ಅಷ್ಟೇ ಇತ್ತು.

ಈ ನಡುವೆ ತುಂಗಿ ಎಷ್ಟು ಸಲ ಬಂದಳೋ. ಮನೆಯೊಳಗೆ ಅವಳು ಕೈ ಎತ್ತುವಾಗ ನಾನು ಬಗ್ಗಿ ಕಡ್ಡಿ ಸೀಳುತ್ತಿರುತ್ತಿದ್ದೆ. ಕಣ್ಣು ಕೊಡದವರ ಮುಂದೆ ಕೈಸನ್ನೆಗೆ ಏನು ಬೆಲೆ? ಹೊರಗೆ ಬಂದು, ಅವ್ವ ಒಂದು ಮಾತು ಅನ್ನುತ್ತಿದ್ದಳು. ಈ ಗಾಳಿಯಲ್ಲಿ ಗಂಟಲು ಯಾಕೆ ಕೆಡಿಸಿಕೊಳ್ಳುತ್ತೀ, ಮೂಲೆ ಮುಗಿಯಲಿ, ಬೆಚ್ಚಗೆ ಕೂತು ಹೇಳುವೆಯಂತೆ ಎಂದು ನಾನು ಕಳಿಸುತ್ತಿದ್ದೆ. ಮೂಲೆ ಮುಗಿದದ್ದು ಮದುವೆಯ ಹಿಂದಿನ ದಿನ.

ಮದುವೆಯ ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಹಿಂದಿನ ವಾರವೆಲ್ಲ ಬಿದ್ದ ಹಿಮ ಸೂಜಿಮರಗಳ ಮೇಲೆ ಗುಡ್ಡೆಗುಡ್ಡೆಯಾಗಿ ಕೂತಿತ್ತು. ಜನ ಮೂಲೆಯೊಳಗೆ ಬಂದವರೇ ಕಂಬಳಿ ತೆಗೆದು ತೋಳಿಗೆ ಹಾಕಿಕೊಂಡರು. ಕಪ್ಪು ಗೋಡೆ ಬೆನ್ನಿಗೆ ಬಿಸಿ ಕೊಡುತ್ತಿತ್ತು, ನಡುವೆ ಕೆಂಡದ ಬಾಂಡಲಿ, ಮುದುಕಿಯರು ಕಾಲು ನೀಡಿ ಕೂತು ಹರಟುತ್ತಿದ್ದರು. ಬೊಮ್ಮಯ್ಯ ಗೋಡೆಯನ್ನು ಮುಟ್ಟಿ ನೋಡಿ, ನಮ್ಮ ಗಾಜಿನಂಗಳಕ್ಕೆ ಏನೂ ಕಡಿಮೆಯಿಲ್ಲ ಕಣಮ್ಮ ಅಂದ. ನಾನು ಪೂರಿಯ ಹಾಗೆ ಉಬ್ಬಿದೆ. ಚಂಪಕ್ಕ ಅವನ ಪಕ್ಕದಲ್ಲಿ ಕೂತು, ಎರಡು ಕೈಯಲ್ಲೂ ಚೆನ್ನಾಗಿದೆ ಎಂದು ಸನ್ನೆ ಮಾಡಿದಳು. ಆಕೆಯ ಕಣ್ಣು ಮಾತ್ರ ಮೇಲೆ, ಮೊರದಗಲ ಬಾನಿನಲ್ಲೇ ನೆಟ್ಟಿತ್ತು.

ನಮ್ಮಲ್ಲಿ ಮದುವೆಯೆಂದರೆ ಬಾಯಿಮಾತಿನ ಒಪ್ಪಿಗೆ. ಊರಿನ ಹಿರಿಯ ದೇವೋಜಿ ತಾತ ಗಂಡನ್ನೂ ಹೆಣ್ಣನ್ನೂ ಮೂರು ಸಲ ಕೇಳುತ್ತಾನೆ. ಮೂರನೆಯ ಸಲಕ್ಕೆ ಎಲ್ಲರಿಗೂ ಕೇಳಿಸುವಂತೆ ಉತ್ತರ ಹೇಳಬೇಕು. ಕೈಸನ್ನೆ ಲೆಕ್ಕಕ್ಕಿಲ್ಲ. ಸನ್ನೆಗೆ ಆಸ್ಪದವೇ ಇರಬಾರದೆಂದು ಇಬ್ಬರ ಬೊಗಸೆಯಲ್ಲೂ ಅಕ್ಕಿ ತುಂಬಿ, ಹೂವಿನ ದಾರದಿಂದ ಮಣಿಕಟ್ಟು ಸುತ್ತಿರುತ್ತಾರೆ. ಪದುಮಣ್ಣ ಮೂರನೆಯ ಸಲಕ್ಕೆ ಹೂಂ ಅಂದ. ಅಭ್ಯಾಸವಿಲ್ಲದ ದನಿ, ಒಡಕು ಒಡಕಾಗಿ ಬಂತು. ಹುಡುಗ ನಾಚಿದ ಎಂದು ನಕ್ಕರು. ಅವನ ಕೈ ಬಿಚ್ಚಿ ತಾಳಿ ಕೊಟ್ಟರು. ವಾಡಿಕೆಯಂತೆ ಡೋಲು ಬಾರಿಸಿದರು.

ತಾತ ತುಂಗಿಯ ಕಡೆ ತಿರುಗಿ ಒಂದು ಸಲ ಕೇಳಿದ. ಎರಡನೆಯ ಸಲ ಕೇಳಿದ. ಆಗಲೇ ಮೇಲೆ ದೊಪ್ಪೆಂದಿತು. ಬಿಸಿಲಿಗೂ ಡೋಲಿನ ಅದುರಿಗೂ ಸಡಿಲಗೊಂಡ ಹಿಮ, ಗೋಡೆಗೆ ಒತ್ತಿಕೊಂಡಿದ್ದ ಸೂಜಿಮರದಿಂದ ಜಾರಿ, ನಾನು ಹೆಣೆದ ಚಾಚಿನ ಮೇಲೆ ಬಿದ್ದಿತ್ತು. ಗಟ್ಟಿ ಹೆಣಿಗೆ, ಜಗ್ಗಿತೇ ಹೊರತು ಮುರಿಯಲಿಲ್ಲ. ಒಂದಿಷ್ಟು ಪುಡಿ ಕೆಂಡದ ಮೇಲೆ ಉದುರಿ ಚುಂಯ್ ಎಂದಿತು. ಮೂಲೆಯೊಳಗೆ ತುಸು ಮಬ್ಬಾಯಿತು. ಅಷ್ಟೇ ಅಲ್ಲವೇ ಎಂದು ನಾನು ಎದೆ ನೀವಿಕೊಂಡೆ.

ತಾತ ಮೂರನೆಯ ಸಲ ಬಾಯಿ ತೆರೆದ. ತುಟಿ ಅಲ್ಲಾಡಿತು, ಏನೂ ಬರಲಿಲ್ಲ. ಅವನು ಗಂಟಲು ಹಿಡಿದುಕೊಂಡು ಮತ್ತೆ ಯತ್ನಿಸಿದ. ಹರಟುತ್ತಿದ್ದ ಮುದುಕಿಯರ ಬಾಯಿಗಳು ಬರಿದೇ ಆಡಿ ನಿಂತವು. ಇಡೀ ಮೂಲೆಯಲ್ಲಿ ಕೆಂಡದ ಸದ್ದೊಂದೇ. ನಾನು ಮೇಲೆ ನೋಡಿದೆ. ಬಾನು ಇರಲಿಲ್ಲ. ನಾನು ಬಿಟ್ಟಿದ್ದ ಮೊರದಗಲದ ಕಿಂಡಿಗೆ ಹಿಮದ ಗಡ್ಡೆ ಅಡ್ಡಲಾಗಿ ಬೆಳ್ಳಗೆ ಕೂತಿತ್ತು. ಮದುವೆಯಾಗಿ ಬಂದಾಗಿನಿಂದ ಜನರ ಬಾಯಿಗೆ ಜಾಗ ಮಾಡಿಕೊಟ್ಟ ನಾನು, ನನ್ನ ಮಗಳ ಮದುವೆಗೆ ಸೂರು ಕಟ್ಟಿದ್ದೆ.

ಅದಕ್ಕಿಂತ ದೊಡ್ಡ ಆಘಾತ ಇನ್ನೂ ಬಾಕಿಯಿತ್ತು. ಮೂರನೆಯ ಸಲಕ್ಕೆಂದು ಕಾದು ಕೂತಿದ್ದ ತುಂಗಿ ಆಗಲೇ ಮಾತು ಶುರು ಮಾಡಿದ್ದಳು. ದನಿ ಹೊರಡುತ್ತಿಲ್ಲವೆಂದು ಅವಳಿಗೆ ತಿಳಿಯಿತು, ಆದರೂ ನಿಲ್ಲಿಸಲಿಲ್ಲ. ನನ್ನನ್ನೇ ನೋಡುತ್ತ ತುಟಿ ಆಡಿಸುತ್ತಲೇ ಇದ್ದಳು. ಕತ್ತಿನ ನರ ಉಬ್ಬಿತ್ತು, ಕಣ್ಣಲ್ಲಿ ನೀರು, ಅಕ್ಕಿ ತುಂಬಿದ ಕೈ ಮೇಲೇಳಲಾರದೆ ಮಡಿಲಲ್ಲೇ ಉಳಿದಿತ್ತು. ನಾನು ಗರ ಬಡಿದವಳಂತೆ ನೋಡಿದೆ. ಹೂಂ ಅನ್ನಲು ಇಷ್ಟು ಹೊತ್ತು ಬೇಕೇ? ಹೂಂ ಅನ್ನುವವರು ಇಷ್ಟು ಅಳುತ್ತಾರೆಯೇ?

ಬೊಮ್ಮಯ್ಯ ಎದ್ದು ನಿಂತು ಕೈ ಆಡಿಸಿದ. ಹುಡುಗಿಯ ತುಟಿ ಅಲ್ಲಾಡಿದ್ದನ್ನು ಎಲ್ಲರೂ ಕಂಡಿದ್ದೀರಿ, ಒಪ್ಪಿಗೆಯಾಯಿತು, ತಾಳಿ ಕಟ್ಟಲಿ ಎಂದಿತು ಅವನ ಸನ್ನೆ. ಆಚೆಗೆ ಹೋಗಿ ಕೇಳೋಣವೆಂದು ತಾತ ಸನ್ನೆ ಮಾಡಿದರೆ, ಆಚೆ ಗಾಳಿ ಕೊರೆಯುತ್ತಿದೆ, ನಮ್ಮವಳು ತಡೆಯುವುದಿಲ್ಲ, ಮುಹೂರ್ತ ಮೀರುತ್ತದೆ ಎಂದು ಇವನ ಕೈ ಉತ್ತರ ಕೊಟ್ಟಿತು. ತಾತ ನನ್ನ ಕಡೆ ನೋಡಿದ. ಹೆತ್ತವಳು ತಲೆದೂಗಿದರೆ ಆಯಿತು ಎಂದು ಅವನ ಕಣ್ಣು ಹೇಳಿತು. ಅವನನ್ನು ಬೈಯಲಾರೆ. ನಾನೂ ಒಂದು ಗಳಿಗೆ ಆ ಬಿಸಿ ಗೋಡೆಯನ್ನು, ನಿಂಬೆಗಿಡವನ್ನು, ಸೆಟೆದ ನನ್ನ ಬೆರಳನ್ನು ನೆನೆದೆ. ಪದುಮಣ್ಣ ತಾಳಿ ಹಿಡಿದು ಅವಳ ಕತ್ತಿನ ಹತ್ತಿರ ಬಗ್ಗಿದ. ತುಂಗಿಯ ತುಟಿ ಇನ್ನೂ ಆಡುತ್ತಲೇ ಇತ್ತು.

ನನಗೆ ಏನಾಯಿತೋ ಗೊತ್ತಿಲ್ಲ. ಕಲ್ಲು ಮೀಟಲೆಂದು ತಂದಿದ್ದ ಹಾರೆ ಗೋಡೆಗೆ ಒರಗಿತ್ತು. ಅದನ್ನು ಎತ್ತಿಕೊಂಡು ಕಟ್ಟೆ ಹತ್ತಿದೆ. ಒಬ್ಬ ಮುದುಕಿಯ ಸೆರಗು ತುಳಿದೆ, ಯಾರೋ ನನ್ನ ಕಾಲು ಹಿಡಿದರು, ಒದ್ದೆ. ನಾನೇ ಒಂದೊಂದಾಗಿ ಸೇರಿಸಿದ ಕಡ್ಡಿಗಳ ನಡುವೆ ಹಾರೆ ತಿವಿದು ಮೈಯ ಭಾರವೆಲ್ಲ ಹಾಕಿ ಜಗ್ಗಿದೆ. ಹೆಣಿಗೆ ಹರಿಯಿತು. ಹಿಮವೆಲ್ಲ ಬೊಮ್ಮಯ್ಯನ ರುಮಾಲಿನ ಮೇಲೆ, ತಾತನ ಬೋಳುತಲೆಯ ಮೇಲೆ, ಕೆಂಡದ ಮೇಲೆ ಸುರಿಯಿತು. ಬಡಗಣ ಗಾಳಿ ಮೇಲಿಂದ ಧುಮುಕಿತು. ಬಾನು ಕಂಡಿತು. ಕಂಡ ಕೂಡಲೇ ನಡುಮಾತಿನಿಂದ ನನ್ನ ಮಗಳ ದನಿ ಕೇಳಿಸಿತು.

"...ಕೂಗಿದ್ರೂ ಯಾರಿಗೂ ಕೇಳಿಸಲ್ಲ, ಅವ್ವ. ನಾನು ಒಲ್ಲೆ. ಹುಡುಗ ಒಳ್ಳೆಯವನೇ, ಅವನ ಮೇಲೆ ನಂಗೇನೂ ದೂರಿಲ್ಲ. ಆ ಮನೇಲಿ ಯಾರೂ ಹೊರಗೇ ಬರಲ್ಲ. ಬೆಚ್ಚಗಿದೆ ಅಂತ ಬರಲ್ಲ. ನಾವು ಹೋದ ದಿನ ನಾನು ನಿಂಬೆಗಿಡದ ಹಿಂದಕ್ಕೆ ಹೋಗಿದ್ದೆ. ಚಂಪಕ್ಕ ಅಲ್ಲಿ ಒಬ್ರೇ ನಿಂತಿದ್ರು. ಬಾಯಿ ಆಡಿಸ್ತಿದ್ರು. ನನ್ನ ಕಂಡು ಕಳ್ಳತನ ಮಾಡ್ದೋರ ಹಾಗೆ ಬಾಯಿ ಮುಚ್ಕೊಂಡ್ರು. ಅವ್ರು ಹಾಡ್ತಿದ್ರು, ಅವ್ವ. ಆ ಗಿಡಕ್ಕೂ ಕೇಳಿಸ್ತಿರಲಿಲ್ಲ."

ಬೊಮ್ಮಯ್ಯ ರುಮಾಲು ಕೊಡವಿದ. ಮುಖ ಕೆಂಪೇರಿತ್ತು, ಆದರೆ ಅದು ಸಿಟ್ಟಿಗಿಂತ ಹೆಚ್ಚಾಗಿ ಕಂಗಾಲಾದವನ ಮುಖ. ಹೆಂಡತಿಯನ್ನು ಚಳಿಯಿಂದ ಕಾಪಾಡಿದೆನೆಂದು ಇಷ್ಟು ವರ್ಷ ಬೀಗಿದ ಮನುಷ್ಯ.

"ನಾನು ಅವಳಿಗೇನು ಕಡಿಮೆ ಮಾಡಿದೀನಿ?" ಅಂದ. "ಕೇಳಿ ಅವಳನ್ನೇ."

ತಾಳಿಯನ್ನೇ ನೋಡುತ್ತ ತಲೆ ತಗ್ಗಿಸಿ ನಿಂತಿದ್ದ ಪದುಮಣ್ಣನೊಬ್ಬನನ್ನು ಬಿಟ್ಟು ಎಲ್ಲರೂ ಚಂಪಕ್ಕನ ಕಡೆ ತಿರುಗಿದೆವು. ಅವಳ ಕೂದಲಿನ ಮೇಲೆ ಹಿಮದ ಪುಡಿ ಕೂತಿತ್ತು, ಮೈ ನಡುಗುತ್ತಿತ್ತು. ನಾನು ಹಾರೆ ಹಿಡಿದೇ ಕಟ್ಟೆಯ ಮೇಲೆ ನಿಂತಿದ್ದೆ, ಇಳಿಯಬೇಕೆಂದು ಹೊಳೆಯಲಿಲ್ಲ. ಅಭ್ಯಾಸಬಲದಿಂದ ಅವಳ ಎರಡು ಕೈಗಳೂ ಮೇಲೆದ್ದವು. ಅರ್ಧಕ್ಕೆ ಬಂದು ನಿಂತವು, ಮತ್ತೆ ಮಡಿಲಿಗೆ ಬಿದ್ದವು. ಅವಳು ಹರಿದ ಚಾಚಿನ ನಡುವೆ ಕಾಣುತ್ತಿದ್ದ ಬಾನನ್ನು ನೋಡಿದಳು. ಬಾಯಿ ತೆರೆದಳು, ಕೆಮ್ಮಿದಳು, ಮತ್ತೆ ತೆರೆದಳು.

"ಹಾಡ್ತಿದ್ದೆ," ಅಂದಳು. "ದಿನಾ ಹಾಡ್ತಿದ್ದೆ."

ತುಕ್ಕು ಹಿಡಿದ ಅಗುಳಿ ಸರಿದಂತಹ ದನಿ. ಕೇಳಿದ ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಬೊಮ್ಮಯ್ಯ ಹಾಗೇ ನೆಲಕ್ಕೆ ಕುಸಿದು, ಬಿಳಿ ಕಲ್ಲಿನ ಮೇಲೆ ಕೂತುಬಿಟ್ಟ.

ಪದುಮಣ್ಣ ಮಾತ್ರ ತಾಳಿ ಹಿಡಿದ ಕೈ ಹಾಗೇ ಬಿಟ್ಟು ಅತ್ತಿತ್ತ ತಿರುಗಿ ನೋಡುತ್ತಿದ್ದ. ಹೆಂಗಸರ ಗುಂಪಿನಲ್ಲಿ ಒಬ್ಬೊಬ್ಬರ ಮುಖವನ್ನೂ ಹುಡುಕಿದ. ಒಳಬರುವ ದಾರಿಯ ಕಡೆ ನೋಡಿದ, ನನ್ನನ್ನು ನೋಡಿದ.

"ಯಾರದು ಮಾತಾಡಿದ್ದು?" ಅಂದ.

ಯಾರ ಬಾಯಿಂದಲೂ ಉತ್ತರ ಹೊರಡಲಿಲ್ಲ. ಆಗ ಅಲ್ಲಿ ಸೂರು ಇರಲಿಲ್ಲ. ಕೊನೆಗೆ ತುಂಗಿ ಬೊಗಸೆಯ ಅಕ್ಕಿಯನ್ನು ಹಲಗೆಯ ಮೇಲೆ ಸುರಿದು, ಮಣಿಕಟ್ಟಿನ ಹೂದಾರವನ್ನು ಹಲ್ಲಿನಿಂದ ಕಡಿದಳು. ಬಿಡುಗಡೆಯಾದ ಕೈಯೆತ್ತಿ ಅವನಿಗೆ ಅವನ ತಾಯಿಯನ್ನು ತೋರಿಸಿದಳು.